ಹಡಗಿನ ಮೇಲೆ ನೆನಪಾಗದ ಮಾತು

ಕೇಳುಗರಿಗೆ ನಮಸ್ಕಾರ.

1855ರಲ್ಲಿ ಅಮೆರಿಕದಿಂದ ಬಂದ ಹಾಯಿಹಡಗೊಂದು ಹಾಂಗ್‌ಕಾಂಗನ್ನು ಸಮೀಪಿಸುತ್ತಿದ್ದಾಗ, ಬಂದರಿನ ದಾರಿ ತೋರಲು ಚೀನಾದ ನಾವಿಕನೊಬ್ಬ ಹಡಗು ಹತ್ತಿದ. ಸುತ್ತಮುತ್ತ ಬಂಡೆಗಳಿವೆಯೇ, ಮರಳ ದಿಬ್ಬಗಳಿವೆಯೇ ಎಂದು ಅವನನ್ನು ವಿಚಾರಿಸುವಂತೆ ಕಪ್ತಾನನು ಯುಂಗ್ ವಿಂಗ್ ಎಂಬ ತರುಣ ಪ್ರಯಾಣಿಕರನ್ನು ಕೇಳಿಕೊಂಡ. ಅವರು ಹಿಂದಿನ ವರ್ಷವಷ್ಟೇ ಯೇಲ್‌ನಲ್ಲಿ ಪದವಿ ಪಡೆದಿದ್ದರು. ಅಮೆರಿಕದ ವಿಶ್ವವಿದ್ಯಾಲಯವೊಂದರ ಪದವಿ ಪಡೆದ ಚೀನೀಯರಲ್ಲಿ ಅವರೇ ಮೊದಲಿಗರು. ಆದರೆ ಎಂಟು ವರ್ಷ ಹೊರಗಿದ್ದು ಬಂದವರಿಗೆ ಬಂಡೆಗೆ ತಮ್ಮ ಮಾತಿನಲ್ಲಿ ಏನೆನ್ನುತ್ತಾರೆಂಬುದು ಎಷ್ಟು ತಡಕಾಡಿದರೂ ನಾಲಿಗೆಗೆ ಬರಲಿಲ್ಲ. ಇಂಗ್ಲಿಷ್ ಬಲ್ಲ ಆ ನಾವಿಕನೇ ಶಬ್ದಗಳನ್ನು ಹೇಳಿಕೊಟ್ಟ; ಸುತ್ತ ನಿಂತವರು ನಕ್ಕರು. ಈ ಪ್ರಸಂಗವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮನೆಗೆ ಬಂದ ಮಗನನ್ನು ನೋಡಿದ ತಾಯಿ, ಅಣ್ಣನೇ ಇನ್ನೂ ಮೀಸೆ ಬಿಟ್ಟಿಲ್ಲ, ನೀನು ಬಿಟ್ಟಿದ್ದೀಯಲ್ಲ, ಮೊದಲು ಅದನ್ನು ತೆಗೆಸು ಎಂದರಂತೆ. ಮೀಸೆ ಕೂಡಲೇ ಹೋಯಿತು. ಮಾತು ಮರಳಿ ಬರಲು ಗ್ವಾಂಗ್‌ಝೌ ನಗರದಲ್ಲಿ ಸುಮಾರು ಆರು ತಿಂಗಳು ಕೂತು ಕಲಿಯಬೇಕಾಯಿತು.

ಅವರು ಮರೆತದ್ದು ಚೀನೀ ಭಾಷೆಯನ್ನು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮರೆತದ್ದು ದಕ್ಷಿಣದ ಗ್ವಾಂಗ್‌ಡಾಂಗ್ ಸೀಮೆಯ ಕ್ಯಾಂಟನೀಸ್ ಮಾತನ್ನು. ಯುಂಗ್ ವಿಂಗ್ ಎಂಬ ಹೆಸರು ಆ ಸೀಮೆಯ ಉಚ್ಚಾರ; ಅದೇ ಎರಡು ಅಕ್ಷರಗಳನ್ನು ಬೀಜಿಂಗಿನವರು ರೋಂಗ್ ಹೋಂಗ್ ಎಂದು ಓದುತ್ತಾರೆ. ಬೀಜಿಂಗಿನ ಚೆನ್, ಹಾಂಗ್‌ಕಾಂಗಿನ ಚಾನ್, ಸಿಂಗಾಪುರದಲ್ಲಿ ಹೊಕ್ಕಿಯೆನ್ ಎಂಬ ಇನ್ನೊಂದು ದಕ್ಷಿಣದ ಮಾತನ್ನಾಡುವ ಮನೆಗಳ ತಾನ್, ಈ ಮೂರೂ ಬರೆದಾಗ ಒಂದೇ ಮನೆತನದ ಹೆಸರಾಗುತ್ತವೆ. ಇಂಥ ಮಾತುಗಳಿಗೆ ಚೀನಾದಲ್ಲಿ ಫಾಂಗ್‌ಯೆನ್, ಅಂದರೆ ಸೀಮೆಯ ಮಾತು, ಎನ್ನುತ್ತಾರೆ. ನಾವದನ್ನು ಉಪಭಾಷೆ ಎಂದು ಕರೆದು, ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ. ಕೇಳುವ ಕಿವಿಯ ಮಟ್ಟಿಗೆ ಅದು ಕನ್ನಡಕ್ಕೂ ತುಳುವಿಗೂ ಇರುವ ಅಂತರದಂಥದ್ದು.

ಇದು ನನಗೆ ಮನದಟ್ಟಾದದ್ದು ಸುಮಾರು ಹತ್ತು ವರ್ಷಗಳ ಹಿಂದೆ, ಇಂಗ್ಲೆಂಡಿನ ಲೀಡ್ಸ್ ನಗರದ ವಿದ್ಯಾರ್ಥಿ ನಿಲಯವೊಂದರ ಅಡುಗೆಮನೆಯಲ್ಲಿ. ನಮ್ಮ ಒಲೆಯನ್ನು ಹಂಚಿಕೊಂಡವರಲ್ಲಿ ಒಬ್ಬ ಪೂರ್ವ ಕರಾವಳಿಯ ವೆಂಝೌ ಊರಿನವನು, ಇನ್ನೊಬ್ಬಳು ಗ್ವಾಂಗ್‌ಝೌ ನಗರದವಳು. ಒಂದು ಸಂಜೆ ತಾಯಿಯ ಕರೆ ಬಂದೊಡನೆ ಅವನ ದನಿ ಏರಿತು, ಮಾತು ಚುರುಕಾಯಿತು. ಏನಂತೆ ಎಂದು ನಾನು ಆ ಹುಡುಗಿಯನ್ನು ಕೇಳಿದೆ. ಅವಳು ಅಕ್ಕಿ ತೊಳೆಯುತ್ತಲೇ, ನಿನಗೆಷ್ಟು ಗೊತ್ತಾಯಿತೋ ನನಗೂ ಅಷ್ಟೇ ಎಂದಳು.

ಅವರಿಬ್ಬರನ್ನು ಒಂದೇ ಮೇಜಿಗೆ ತಂದದ್ದು ಪುಟೊಂಗ್‌ಹುವಾ, ಅಂದರೆ ಎಲ್ಲರಿಗೂ ಸಮಾನವಾದ ಮಾತು. ಬೀಜಿಂಗಿನ ಉಚ್ಚಾರವನ್ನು ಆಧಾರವಾಗಿಟ್ಟುಕೊಂಡು 1956ರಿಂದ ಸರ್ಕಾರ ಅದನ್ನು ದೇಶದುದ್ದಕ್ಕೂ ಹರಡುತ್ತ ಬಂದಿದೆ. 2001ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಕಚೇರಿ, ಶಾಲೆ, ಪ್ರಸಾರ ಮಾಧ್ಯಮಗಳ ಮುಖ್ಯ ಭಾಷೆ ಅದೇ ಎಂದು ವಿಧಿಸಿತು. ಸೀಮೆಯ ಮಾತಿನಲ್ಲಿ ಬಾನುಲಿ ಪ್ರಸಾರ ಮಾಡಬೇಕಾದರೆ ಅನುಮತಿ ಪಡೆಯಬೇಕು ಎಂಬುದನ್ನು ಇಲ್ಲಿ ಕುಳಿತು ಹೇಳುವಾಗ ನನಗೇ ಒಂದು ಥರ ಅನ್ನಿಸುತ್ತದೆ. 2020ರ ವೇಳೆಗೆ ನೂರಕ್ಕೆ 80ಕ್ಕೂ ಹೆಚ್ಚು ಜನ ಅದನ್ನು ಆಡಬಲ್ಲವರಾಗಿದ್ದರು ಎಂಬುದು ಅಲ್ಲಿನ ಸರ್ಕಾರದ ಲೆಕ್ಕ. ಇದು ಸಣ್ಣ ಸಾಧನೆಯಲ್ಲ. ಅದಿಲ್ಲದಿದ್ದರೆ ನಮ್ಮ ಅಡುಗೆಮನೆಯ ಇಬ್ಬರು ಚೀನೀಯರು ಇಂಗ್ಲಿಷಿನಲ್ಲಿ ಉಪ್ಪು ಕೇಳಬೇಕಾಗುತ್ತಿತ್ತು.

ಹಾಗೆಂದು ಎಲ್ಲರೂ ಸುಮ್ಮನೆ ಒಪ್ಪಿಕೊಂಡರೆಂದಲ್ಲ. 2010ರ ಬೇಸಿಗೆಯಲ್ಲಿ, ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಗ್ವಾಂಗ್‌ಝೌ ದೂರದರ್ಶನದ ಮುಖ್ಯ ವಾಹಿನಿಗಳನ್ನು ಪುಟೊಂಗ್‌ಹುವಾಕ್ಕೆ ಬದಲಾಯಿಸಬೇಕೆಂಬ ಸಲಹೆ ಬಂದಾಗ, ಜನ ಬೀದಿಗಿಳಿದರು. ಆಗ ಪ್ರೌಢಶಾಲೆಯಲ್ಲಿದ್ದ ಈ ಹುಡುಗಿ ಅದನ್ನು ನೆನೆಸಿಕೊಂಡಾಗಲೆಲ್ಲ ಕೈಯಲ್ಲಿದ್ದ ಸೌಟನ್ನು ಕೆಳಗಿಡುತ್ತಿದ್ದಳು. ನೀನು ಯಾವ ದೇಶದವಳು ಎಂದು ಲೀಡ್ಸ್‌ನಲ್ಲಿ ಕೇಳಿದವರಿಗೆ ಚೀನಾ ಎನ್ನುತ್ತಿದ್ದಳು. ಚೀನಾದವರೇ ಕೇಳಿದರೆ ಗ್ವಾಂಗ್‌ಝೌ ಎನ್ನುತ್ತಿದ್ದಳು. ಎರಡೂ ಉತ್ತರಗಳಲ್ಲಿ ಅಭಿಮಾನವಿತ್ತು, ಎರಡನೆಯದರಲ್ಲಿ ತುಸು ಹೆಚ್ಚು.

ಹೊರದೇಶಕ್ಕೆ ಹೋದ ಮಕ್ಕಳು ಇಂಗ್ಲಿಷಿನ ಗುಂಗಿನಲ್ಲಿ ಮನೆಮಾತನ್ನು ಮರೆಯುತ್ತಾರೆ ಎಂಬ ದೂರು ಯುಂಗ್ ವಿಂಗ್ ಅವರ ವಿಷಯದಲ್ಲಿ ನಿಜವಾಗಿತ್ತು. ಇಂದು ಆ ಆಪಾದನೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂದು ನನಗನ್ನಿಸುತ್ತದೆ. ವಸಂತೋತ್ಸವದ, ಅಂದರೆ ಚೀನೀ ಹೊಸ ವರ್ಷದ, ಹೊತ್ತಿಗೆ, ಚೀನಾದಲ್ಲಿ 40 ದಿನಗಳ ಕಾಲ ಇಡೀ ದೇಶವೇ ಊರಿಗೆ ಹೊರಟಂತೆ ರೈಲುಗಳು ತುಂಬಿ ತುಳುಕುವಾಗ, ಇಂಗ್ಲೆಂಡಿನಲ್ಲಿ ತರಗತಿಗಳು ನಡೆಯುತ್ತಿರುತ್ತವೆ. ಹಾಗಾಗಿ ವೆಂಝೌ ಹುಡುಗ ಊರಿಗೆ ಹೋದದ್ದು ಬೇಸಿಗೆ ರಜೆಯಲ್ಲಿ. ಮರಳಿ ಬಂದವನು ಹೇಳಿದ ಸಂಗತಿ ಇದು: ಅಜ್ಜಿ ವೆಂಝೌ ಮಾತಿನಲ್ಲಿ ಕೇಳಿದರೆ, ಊರು ಬಿಟ್ಟು ಎಲ್ಲಿಗೂ ಹೋಗದ ಚಿಕ್ಕಪ್ಪನ ಮಗಳು ಪುಟೊಂಗ್‌ಹುವಾದಲ್ಲಿ ಉತ್ತರಿಸುತ್ತಾಳೆ. ಅಜ್ಜಿಗೆ ಅದು ಅರ್ಧ ತಿಳಿಯುತ್ತದೆ. ಐದು ಸಾವಿರಕ್ಕೂ ಹೆಚ್ಚು ಮೈಲಿ ದೂರದಿಂದ ಬಂದ ಮೊಮ್ಮಗನೇ ನಡುವೆ ಕುಳಿತು ಅವಳ ಮಾತನ್ನು ಅಜ್ಜಿಗೆ ತಿಳಿಸಿ ಹೇಳಬೇಕಾಯಿತು.

ಆ ಸಲ ಅವನ ತಾಯಿ ಒಣಗಿಸಿದ ಸಣ್ಣ ಮೀನನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಇದಕ್ಕೇನೆನ್ನುತ್ತೀರಿ ಎಂದು ಹುಡುಗಿ ಕೇಳಿದಳು. ಅವನು ವೆಂಝೌ ಹೆಸರು ಹೇಳಿದ, ಅವಳಿಗೆ ತಿಳಿಯಲಿಲ್ಲ. ಪುಟೊಂಗ್‌ಹುವಾದ ಹೆಸರಿಗಾಗಿ ತಡಕಾಡಿದ, ಸಿಗಲಿಲ್ಲ. ಫೋನಿನಲ್ಲಿ ಹುಡುಕೋಣವೆಂದರೆ, ಅವನ ಫೋನಿನಲ್ಲಿ ಅಕ್ಷರ ಮೂಡಬೇಕಾದರೆ ಮೊದಲು ಪುಟೊಂಗ್‌ಹುವಾ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಒತ್ತಬೇಕು, ಅವನಿಗೆ ಗೊತ್ತಿಲ್ಲದ್ದೂ ಅದೇ. ಕೊನೆಗೆ ವಿಚಾಟ್ ಎಂಬ ಚೀನೀ ಸಂದೇಶ ಆ್ಯಪಿನಲ್ಲಿ ತಾಯಿಗೆ ಧ್ವನಿ ಸಂದೇಶ ಕಳಿಸಿ, ಇದರ ಸರಿಯಾದ ಹೆಸರೇನು ಎಂದು ಕೇಳಿದ. ಒಂದು ನಿಮಿಷದಲ್ಲಿ ಉತ್ತರ ಬಂತು. ತಾಯಿ ಅದೇ ವೆಂಝೌ ಶಬ್ದವನ್ನು ಎರಡು ಸಲ, ಎರಡನೆಯ ಸಲ ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ, ಹೇಳಿ ಕಳಿಸಿದ್ದರು.