ಮೀನುಮರಿ ಕೇಂದ್ರಕ್ಕೂ ಮೂಗುದಾರ ಬೇಕು

ಸೆಪ್ಟೆಂಬರ್, ಅಕ್ಟೋಬರ್ ಬಂತು ಅಂದ್ರೆ ಸಿಯಾಟಲ್ ಕಡೆಯ ಎಷ್ಟೋ ಕುಟುಂಬಗಳು ಮಕ್ಕಳನ್ನ ಕರ್ಕೊಂಡು ಇಸಾಕ್ವಾ ಹ್ಯಾಚರಿಗೆ, ಅಂದ್ರೆ ಮೀನುಮರಿ ಬೆಳೆಸೋ ಕೇಂದ್ರಕ್ಕೆ, ಹೋಗ್ತಾರೆ. ಅಲ್ಲಿರೋ ಕನ್ನಡಿಗರೂ ಹೋಗಿರ್ತೀರಿ. ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ಹೊಳೆಗೇ ವಾಪಸ್ ಬರೋ ಮೀನು ಸಾಲ್ಮನ್. ಗಾಜಿನ ಆಚೆ ಮೊಳದುದ್ದದ ಸಾಲ್ಮನ್‌ಗಳು ನೀರಿನ ಮೆಟ್ಟಿಲು ಹತ್ತಿ ಬರ್ತಿರ್ತವೆ. ಈ ಸಲ ಹೋದಾಗ ಒಂದು ಕಡೆ ಕಣ್ಣಿಡಿ. ಬೆನ್ನ ಮೇಲಿನ ದೊಡ್ಡ ರೆಕ್ಕೆಯಿಂದ ಹಿಂದಕ್ಕೆ, ಬಾಲಕ್ಕೆ ಸ್ವಲ್ಪ ಮುಂಚೆ, ಒಂದು ಪುಟ್ಟ ಮೆತ್ತನೆ ರೆಕ್ಕೆ ಇರಬೇಕು. ಅಡಿಪೋಸ್ ರೆಕ್ಕೆ ಅಂತಾರೆ. ಅದು ಇಲ್ಲ ಅಂದ್ರೆ, ಮರಿಯಾಗಿದ್ದಾಗಲೇ ಕತ್ತರಿಸಿದ್ದಾರೆ, ಆ ಮೀನು ಹ್ಯಾಚರಿಯ ತೊಟ್ಟಿಯಲ್ಲಿ ಬೆಳೆದದ್ದು ಅಂತ ಅರ್ಥ. ಇದ್ರೆ, ಬಹುಶಃ ಹೊಳೆಯಲ್ಲೇ ಹುಟ್ಟಿದ್ದು. ಆ "ಬಹುಶಃ" ಯಾಕೆ ಅಂತ ಆಮೇಲೆ ಹೇಳ್ತೀನಿ.

ಅಮೆರಿಕ, ಕೆನಡಾ, ಜಪಾನ್, ರಷ್ಯಾ, ಕೊರಿಯಾ ಸೇರಿ ಉತ್ತರ ಪೆಸಿಫಿಕ್‌ಗೆ ವರ್ಷಕ್ಕೆ ಬಿಡೋ ಸಾಲ್ಮನ್ ಮರಿಗಳು ಸುಮಾರು 500 ಕೋಟಿ. ಈ ಲೆಕ್ಕ ಹೇಳುವಾಗ ಎಲ್ಲರಿಗೂ ಹೆಮ್ಮೆ. ನನ್ನ ತಕರಾರು ಈ ಲೆಕ್ಕದ ಮೇಲೇ ಇದೆ. ಎಷ್ಟು ಮರಿ ಬಿಟ್ರು ಅನ್ನೋದನ್ನ ನೋಡಿ ಹ್ಯಾಚರಿಗೆ ಅನುಮತಿ ಕೊಡೋದು ನಿಲ್ಲಬೇಕು. ಮೂರ್ನಾಲ್ಕು ವರ್ಷ ಆದ್ಮೇಲೆ, ಹೊಳೆಯ ಜಲ್ಲಿಯಲ್ಲಿ ಮೊಟ್ಟೆ ಇಡೋಕೆ ಬಂದ ಮೀನಿನಲ್ಲಿ ತೊಟ್ಟಿಯವು ನೂರಕ್ಕೆ ಎಷ್ಟು, ಅದನ್ನ ನೋಡಿ ಕೊಡಬೇಕು. ಆ ಪಾಲು ಮಿತಿ ದಾಟಿದ್ರೆ ಮುಂದಿನ ವರ್ಷದ ಮರಿಗಳ ಸಂಖ್ಯೆ ತಾನಾಗೇ ಇಳೀಬೇಕು.

ಹ್ಯಾಚರಿ ಯಾಕೆ ಬಂತು ಅನ್ನೋದನ್ನ ಬೇಗ ಮುಗಿಸ್ತೀನಿ. ಕೊಲಂಬಿಯಾ ನದಿಗೆ ಒಂದು ಕಾಲದಲ್ಲಿ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿ ಸಾಲ್ಮನ್ ವಾಪಸ್ ಬರ್ತಿದ್ವು ಅಂತ ಅಂದಾಜು. 1938ರಲ್ಲಿ ಬಾನ್‌ವಿಲ್ ಅಣೆಕಟ್ಟು, 1942ಕ್ಕೆ ಗ್ರ್ಯಾಂಡ್ ಕೂಲಿ. ಗ್ರ್ಯಾಂಡ್ ಕೂಲಿಗೆ ಮೀನು ಹತ್ತೋ ದಾರಿಯನ್ನೇ ಇಡಲಿಲ್ಲ. ಹೋದ ಮೀನಿಗೆ ಪರಿಹಾರ ಅಂತ 1938ರ ಮಿಚೆಲ್ ಕಾಯ್ದೆಯಲ್ಲಿ ಹ್ಯಾಚರಿಗಳಿಗೆ ದುಡ್ಡು ಬಂತು. ಹೊಳೆ ಕಿತ್ಕೊಂಡು ತೊಟ್ಟಿ ಕೊಟ್ರು, ಅಷ್ಟೇ ಕಥೆ.

ತೊಟ್ಟಿಯೊಳಗೆ ನಡೆಯೋದನ್ನ ಮಾತ್ರ ನಿಧಾನವಾಗಿ ನೋಡೋಣ, ಕೆಡುಕು ಶುರುವಾಗೋದು ಅಲ್ಲೇ. ಹೆಣ್ಣಿನ ಹೊಟ್ಟೆ ಸೀಳಿ ಮೊಟ್ಟೆ ತೆಗೀತಾರೆ, ಗಂಡಿನ ವೀರ್ಯ ಹಿಂಡಿ ಬೆರೆಸ್ತಾರೆ, ಅಯೋಡಿನ್ ಔಷಧಿಯಲ್ಲಿ 100 ಪಿಪಿಎಂ (ಹತ್ತು ಲಕ್ಷಕ್ಕೆ 100 ಭಾಗ) ಲೆಕ್ಕದಲ್ಲಿ 10 ನಿಮಿಷ ತೊಳೀತಾರೆ, ಒಂದರ ಮೇಲೊಂದು ಜೋಡಿಸಿದ ಟ್ರೇಗಳಲ್ಲಿ ಇಡ್ತಾರೆ. 10 ಡಿಗ್ರಿ ನೀರಿನಲ್ಲಿ ಚಿನೂಕ್ ಸಾಲ್ಮನ್ ಮೊಟ್ಟೆ ಒಡೆಯೋಕೆ 50 ದಿನ ಹತ್ತಿರ ಹಿಡಿಯುತ್ತೆ. ಹೊಳೆಯಲ್ಲಿ ಹತ್ತು ಮೊಟ್ಟೆಗೆ ಒಂದು ಮರಿ ಸಮುದ್ರದ ದಾರಿ ಹಿಡಿದ್ರೆ ದೊಡ್ಡದು, ಇಲ್ಲಿ ಎಂಟರ ಹತ್ತಿರ ಉಳೀತವೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಹೊಳೆ ತೆಗೆದುಹಾಕ್ತಿದ್ದ ಆ ಏಳು ಮರಿಗಳೂ ಈಗ ಉಳ್ಕೊಂಡ್ವು.

ನಾಟಿ ಕೋಳಿ, ಫಾರಂ ಕೋಳಿ ಎರಡನ್ನೂ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹದ್ದಿನ ನೆರಳು ಬಿದ್ರೆ ನಾಟಿ ಮರಿ ಪೊದೆ ಸೇರುತ್ತೆ. ಹ್ಯಾಚರಿ ಮರಿಗೆ ಮೇಲಿಂದ ನೆರಳು ಬಿತ್ತು ಅಂದ್ರೆ ಆಹಾರ ಬಂತು ಅಂತ ಅರ್ಥ, ಅದು ಮೇಲಕ್ಕೇ ಬರುತ್ತೆ. ಇದು ಬರೀ ಅಭ್ಯಾಸ ಆಗಿದ್ರೆ ಒಂದು ತಲೆಮಾರಿಗೆ ಮುಗೀತಿತ್ತು. ಆರೆಗಾನ್‌ನ ಹುಡ್ ನದಿಯಲ್ಲಿ ಸಾಲ್ಮನ್ ಬಳಗದ ಸ್ಟೀಲ್‌ಹೆಡ್ ಮೀನುಗಳ ವಂಶಾವಳಿಯನ್ನ ಡಿಎನ್‌ಎ ಹಿಡಿದು ಲೆಕ್ಕ ಹಾಕಿದ ಅಧ್ಯಯನ 2007ರಲ್ಲಿ ಬಂತು. ತೊಟ್ಟಿಯಲ್ಲಿ ಕಳೆದ ಒಂದೊಂದು ತಲೆಮಾರಿಗೂ, ಹೊಳೆಯಲ್ಲಿ ಸಂತಾನ ಉಳಿಸ್ಕೊಳ್ಳೋ ಶಕ್ತಿ ಸುಮಾರು 40 ಶೇಕಡಾ ಕುಸೀತಿತ್ತು. 2016ರಲ್ಲಿ ಅದೇ ನದಿಯ ಮೀನಿನ ಮೇಲೆ ಇನ್ನೊಂದು ಅಧ್ಯಯನ: ಒಂದೇ ತಲೆಮಾರಿನಲ್ಲಿ 700ಕ್ಕೂ ಹೆಚ್ಚು ಜೀನ್‌ಗಳ ಚಟುವಟಿಕೆ ಬೇರೆಯಾಗಿತ್ತು. ಗಾಯ ಮಾಯೋದು, ರೋಗನಿರೋಧ, ಮೈಯೊಳಗೆ ಆಹಾರ ಶಕ್ತಿಯಾಗೋ ಕ್ರಿಯೆ, ಇಂಥವೇ ಹೆಚ್ಚು. ಕಿಕ್ಕಿರಿದ ತೊಟ್ಟಿಯಲ್ಲಿ ಒಂದನ್ನೊಂದು ಕಚ್ಚಾಡೋ ಮೀನಿಗೆ ಬೇಕಾದದ್ದೇ ಇವು ತಾನೇ?

ಕೆಲಸಗಾರರು ತಿಳೀದೆ ಮಾಡೋ ಆಯ್ಕೆಗಳೂ ಇವೆ. ಹಂಗಾಮಿನ ಮೊದಲ ವಾರಗಳಲ್ಲೇ ಬೇಕಾದಷ್ಟು ಮೊಟ್ಟೆ ಸಿಕ್ತು ಅಂತ ಬಾಗಿಲು ಹಾಕಿದ್ರೆ, ತಡವಾಗಿ ಬರೋ ವಂಶ ಅಲ್ಲಿಗೆ ಮುಗೀತು. ನಾಲ್ಕು ಗಂಡಿನ ವೀರ್ಯ ಒಂದೇ ಬಕೆಟ್‌ಗೆ ಹಿಂಡಿದ್ರೆ, ಚುರುಕಾದ ಒಂದೇ ಗಂಡು ಬಹುಪಾಲು ಮೊಟ್ಟೆಗೆ ಅಪ್ಪ ಆಗುತ್ತೆ. ಒಂದು ಹೆಣ್ಣಿಗೆ ಒಂದು ಗಂಡು ಅನ್ನೋ ನಿಯಮ ಇರೋದು ಅದಕ್ಕೆ. ವಾಷಿಂಗ್ಟನ್ ರಾಜ್ಯದ ಚೇಂಬರ್ಸ್ ಕ್ರೀಕ್ ತಳಿಯ ಸ್ಟೀಲ್‌ಹೆಡ್ ಅನ್ನ ಬೇಗ ಮೊಟ್ಟೆ ಇಡೋ ಹಾಗೆ, ಎರಡು ವರ್ಷದ ಬದಲು ಒಂದೇ ವರ್ಷಕ್ಕೆ ಸಮುದ್ರಕ್ಕೆ ಬಿಡೋ ಹಾಗೆ ದಶಕಗಳ ಕಾಲ ಆರಿಸಿ ಆರಿಸಿ ಬೆಳೆಸಿದ್ರು. ಹೊಳೆಯಲ್ಲೇ ಹುಟ್ಟಿದ ಮೀನು ವಸಂತದಲ್ಲಿ ಇಡೋ ಮೊಟ್ಟೆಯನ್ನ ಇವು ನಡುಚಳಿಗಾಲದಲ್ಲೇ ಇಡ್ತವೆ.

ಸರಿ, ಕಾನೂನು ಏನು ಹೇಳುತ್ತೆ? ಸ್ನೇಕ್ ನದಿಯ ಸಾಕೈ ಸಾಲ್ಮನ್ 1991ರಲ್ಲಿ, ಪ್ಯೂಜೆಟ್ ಸೌಂಡ್‌ನ ಚಿನೂಕ್ 1999ರಲ್ಲಿ ಅಳಿವಿನಂಚಿನ ಜೀವಿಗಳನ್ನ ಕಾಯೋ ಅಮೆರಿಕದ ಕಾಯ್ದೆಯ ಪಟ್ಟಿಗೆ ಸೇರಿದ್ವು. ಅಲ್ಲಿಂದ ಹ್ಯಾಚರಿಗಳು ತಳಿ ನಿರ್ವಹಣಾ ಯೋಜನೆಯೊಂದನ್ನ ಬರೆದು ಕೇಂದ್ರ ಸರ್ಕಾರದ ಮೀನು ಇಲಾಖೆಗೆ ಒಪ್ಪಿಸಬೇಕು. ಅಮೆರಿಕದ ಸಂಸತ್ತು 2000ದಲ್ಲಿ ಒಂದು ವಿಜ್ಞಾನಿಗಳ ಸಮಿತಿಯನ್ನೂ ಮಾಡ್ತು. ಅವರು ಕೊಟ್ಟ ಅಳತೆಗೋಲು ಸರಳ. ಮುಖ್ಯ ಹೊಳೆಗಳಲ್ಲಿ, ಪ್ರತ್ಯೇಕ ತಳಿ ಸಾಕೋ ಹ್ಯಾಚರಿಯಾದ್ರೆ, ಹೊಳೆಯಲ್ಲಿ ಮೊಟ್ಟೆ ಇಡೋ ಮೀನಿನಲ್ಲಿ ತೊಟ್ಟಿಯವು 5 ಶೇಕಡಾಕ್ಕಿಂತ ಕಡಿಮೆ ಇರಬೇಕು. ಹೊಳೆ ಮೀನನ್ನೇ ತಂದು ತಳಿ ಬೆರೆಸೋ ಹ್ಯಾಚರಿಯಾದ್ರೆ 30 ಶೇಕಡಾ ಒಳಗೆ, ಜೊತೆಗೆ ವಂಶ ತಿದ್ದೋದ್ರಲ್ಲಿ ಹೊಳೆಯ ಕೈ ಎಷ್ಟು ಅಂತ ತೋರಿಸೋ ಇನ್ನೊಂದು ಭಾಗಾಕಾರ 0.67 ಮುಟ್ಟಬೇಕು.

ಆ ಭಾಗಾಕಾರ ಮಾಡಿ ನೋಡೋಣ. ಹ್ಯಾಚರಿಗೆ ತಂದ 100 ತಾಯಿತಂದೆ ಮೀನಿನಲ್ಲಿ 60 ಹೊಳೆಯವು ಅಂತಿಟ್ಕೊಳ್ಳಿ, ಅದು 0.6. ಹೊಳೆಯಲ್ಲಿ ಮೊಟ್ಟೆ ಇಡೋ 1,000ದಲ್ಲಿ 300 ತೊಟ್ಟಿಯವು, 0.3. 0.6 ಅನ್ನ ಎರಡರ ಮೊತ್ತ 0.9ರಿಂದ ಭಾಗಿಸಿದ್ರೆ 0.67. ಪಾಸು. ಹೊಳೆಗೆ ನುಗ್ಗಿದ ತೊಟ್ಟಿ ಮೀನು 600 ಆದ್ರೆ ಅದೇ ಲೆಕ್ಕ 0.5ಕ್ಕೆ ಇಳಿಯುತ್ತೆ. ಆ ವಂಶವನ್ನ ತಿದ್ದೋದ್ರಲ್ಲಿ ಹೊಳೆಗೂ ತೊಟ್ಟಿಗೂ ಆಗ ಸಮ ಸಮ ಕೈ.

ಇದರಲ್ಲೊಂದು ಗುಂಡಿ ಇದೆ. ಅಂಕ ಹೆಚ್ಚಿಸ್ಕೊಳ್ಳೋಕೆ ಇನ್ನಷ್ಟು ಹೊಳೆ ಮೀನು ಹಿಡಿದು ತಂದ್ರೆ, ಕಾಗದದ ಮೇಲೆ ಪಾಸು, ಹೊಳೆಯಲ್ಲಿ ಮೀನೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಹೊಳೆ ಮೀನು ಕಮ್ಮಿ ಬಂದ ವರ್ಷ ತರೋ ಪಾಲೂ ಇಳೀಬೇಕು, ಅದರ ಜೊತೆ ಬಿಡೋ ಮರಿಯೂ ಇಳೀಬೇಕು ಅಂತ ಅನುಮತಿ ಪತ್ರದಲ್ಲೇ ಬರೀಬೇಕು.

ಈಗ ಆ "ಬಹುಶಃ"ಗೆ ಬರ್ತೀನಿ. ಲೆಕ್ಕ ನಿಂತಿರೋದು ಗುರುತಿನ ಮೇಲೆ. ಕತ್ತರಿ ತಪ್ಪಿದ ಮರಿಗಳಿರ್ತವೆ. ಗಾಳದವರು ರೆಕ್ಕೆ ಇರೋ ಮೀನನ್ನ ವಾಪಸ್ ಬಿಡಬೇಕು ಅನ್ನೋ ನಿಯಮ ಇರೋ ಕಡೆ, ತಮ್ಮ ಮೀನು ಉಳೀಲಿ ಅಂತ ಬೇಕಂತಲೇ ಕತ್ತರಿಸದೆ ಬಿಡೋ ಯೋಜನೆಗಳೂ ಇವೆ. ಅಂಥವಕ್ಕೆ ಮೂಗಿನ ಮೃದ್ವಸ್ಥಿಯೊಳಗೆ 1.1 ಮಿಲಿಮೀಟರ್ ಉದ್ದದ ತಂತಿ ಚೂರು ಇಡ್ತಾರೆ. ಅದರ ಸಂಕೇತ ಓದಬೇಕಾದ್ರೆ ಮೀನು ಸತ್ತಿರಬೇಕು, ತಲೆ ಕೊಯ್ಯಬೇಕು, ಸೂಕ್ಷ್ಮದರ್ಶಕ ಬೇಕು. ಚಿನೂಕ್ ಮೊಟ್ಟೆ ಇಟ್ಟು ಸಾಯುತ್ತೆ, ಹೊಳೆ ದಂಡೆ ನಡೆದು ಹೆಣ ಎಣಿಸಬಹುದು. ಸ್ಟೀಲ್‌ಹೆಡ್ ಎಲ್ಲವೂ ಸಾಯಲ್ಲ, ಲೆಕ್ಕ ಅಲ್ಲೇ ಸಡಿಲ. ಹೊಳೆಗೆ ಅಡ್ಡ ಬೇಲಿ ಕಟ್ಟಿ ಒಂದೊಂದನ್ನೇ ಆರಿಸಿ ಬಿಡ್ತಾರೆ, ಜೋರು ಮಳೆಗೆ ನೀರು ಬೇಲಿ ಹಾರಿತು ಅಂದ್ರೆ ಅಷ್ಟೂ ಶ್ರಮ ನೀರುಪಾಲು. ಹಾಗಾಗಿ ಎಣಿಸೋಕೆ ದುಡ್ಡಿಲ್ಲ ಅನ್ನೋ ಹ್ಯಾಚರಿಗೆ ಮರಿ ಬಿಡೋ ಅನುಮತಿಯೂ ಇರಬಾರದು. ಕಠಿಣ ಅನಿಸಬಹುದು. ಹ್ಯಾಚರಿ ತೊಳೆದ ಕೊಳೆ ನೀರನ್ನ ಹೊಳೆಗೆ ಬಿಡೋಕೆ ಪರವಾನಗಿ, ಅಳತೆ, ವರದಿ ಎಲ್ಲಾ ಕೇಳ್ತಾರೆ. ನೀರು ಹರಿದು ಹೋಗುತ್ತೆ, ಮೀನು ತಿರುಗಿ ಬಂದು ಸಂಸಾರ ಮಾಡುತ್ತೆ.

ಹಾಗಾದ್ರೆ ಎಲ್ಲಾ ಮುಚ್ಚಿ ಅನ್ನೋರ ಜೊತೆ ನಾನಿಲ್ಲ. 1850ರ ದಶಕದ ಒಪ್ಪಂದಗಳಲ್ಲಿ ಮೂಲನಿವಾಸಿ ಬುಡಕಟ್ಟುಗಳು ನೆಲ ಬಿಟ್ಕೊಟ್ಟು ಮೀನು ಹಿಡಿಯೋ ಹಕ್ಕು ಉಳಿಸ್ಕೊಂಡ್ರು. ನ್ಯಾಯಾಧೀಶ ಬೋಲ್ಟ್ 1974ರಲ್ಲಿ ಕೊಟ್ಟ ತೀರ್ಪು ಅವರಿಗೆ ಹಿಡಿಯಬಹುದಾದ ಮೀನಿನ ಅರ್ಧ ಪಾಲು ಕೊಡ್ತು. ಹೊಳೆ ಕಟ್ಟಿದವರು ಯಾರೋ, ಹ್ಯಾಚರಿ ಮುಚ್ಚಿದ್ರೆ ಬೆಲೆ ತೆರೋರು ಇವರು. ಇನ್ನು ಐಡಾಹೋದ ರೆಡ್‌ಫಿಶ್ ಸರೋವರ: 1992ರಲ್ಲಿ ಅಲ್ಲಿಗೆ ಬಂದದ್ದು ಒಂದೇ ಒಂದು ಗಂಡು ಸಾಕೈ. 1991ರಿಂದ 1998ರವರೆಗೆ ಒಟ್ಟು 16. ಅವನ್ನ ಹಿಡಿದು ತೊಟ್ಟಿಯಲ್ಲಿ ಸಾಕದೇ ಇದ್ದಿದ್ರೆ ಆ ವಂಶ ಇವತ್ತು ಇರ್ತಿರಲಿಲ್ಲ. ವಂಶ ಉಳಿಸೋ ತೊಟ್ಟಿ ಬೇರೆ, ಗಾಳಕ್ಕೆ ಮೀನು ಒದಗಿಸೋ ತೊಟ್ಟಿ ಬೇರೆ. ಎರಡಕ್ಕೂ ಒಂದೇ ನಮೂನೆಯ ಅರ್ಜಿ ಇರಬಾರದು.

ಕಾವೇರಿಯ ವಿಷಯ ಹೇಳದೆ ಇರೋಕಾಗಲ್ಲ. ನಮ್ಮ ಬಿಳಿ ಮೀನು, ಅಂದ್ರೆ ಡುಬ್ಬದ ಮಹಶೀರ್, ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕದ್ದು 120 ಪೌಂಡ್ ತೂಗಿತ್ತು. 1970ರ ದಶಕದಿಂದ ಲೋನಾವಳದ ಟಾಟಾ ಹ್ಯಾಚರಿಯಲ್ಲಿ ಬೆಳೆದ ನೀಲಿ ರೆಕ್ಕೆಯ ಮಹಶೀರ್ ಮರಿಗಳು ಕಾವೇರಿಗೂ ಬಂದ್ವು. ಅದು ಕೃಷ್ಣಾ ಕಣಿವೆಯ ಮೀನು. ಉದ್ದೇಶ ಸಂರಕ್ಷಣೆಯೇ. ಗಾಳ ಶಿಬಿರಗಳ 1998ರಿಂದ 2012ರ ದಾಖಲೆ ನೋಡಿದ್ರೆ ನೀಲಿ ರೆಕ್ಕೆ ಏರ್ತಾ, ಡುಬ್ಬದ್ದು ಕರಗ್ತಾ ಹೋಗಿದೆ. ಅಣೆಕಟ್ಟು, ಮರಳು, ಸಿಡಿಮದ್ದು ಎಲ್ಲದರ ಪಾಲೂ ಇದೆ, ಒಪ್ಪೋಣ. ಆದ್ರೆ 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ (Tor remadevii) ಅನ್ನೋ ವೈಜ್ಞಾನಿಕ ಹೆಸರು ಖಚಿತ ಆಗೋ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ಈಗ ಡುಬ್ಬದ ಮಹಶೀರ್‌ಗೇ ಹ್ಯಾಚರಿ ಮಾಡೋಣ ಅಂದ್ರೆ ಕತ್ತರಿ ಉಪಾಯ ನಡೆಯಲ್ಲ. ಮಹಶೀರ್ ಕಾರ್ಪ್ ಜಾತಿಯದ್ದು, ಅದಕ್ಕೆ ಅಡಿಪೋಸ್ ರೆಕ್ಕೆಯೇ ಇಲ್ಲ. ಸ್ನೇಕ್ ನದಿಯವರು 2008ರಿಂದ ಮಾಡ್ತಿರೋದು ಇಲ್ಲಿಗೆ ಹೊಂದುತ್ತೆ: ಲಕ್ಷ ಮರಿಗೆ ಗುರುತು ಹಾಕೋ ಬದಲು ತಾಯಿತಂದೆ ಪ್ರತಿಯೊಂದರ ರೆಕ್ಕೆ ತುದಿಯ ಚೂರು ತೆಗೆದು ಡಿಎನ್‌ಎ ದಾಖಲಿಸೋದು. ಆಮೇಲೆ ಹೊಳೆಯಲ್ಲಿ ಯಾವ ಮೀನು ಸಿಕ್ಕಿದ್ರೂ ಅದರ ರೆಕ್ಕೆ ಚೂರಿಂದ ಅಪ್ಪ ಅಮ್ಮ ಯಾರು ಅಂತ ಗೊತ್ತಾಗುತ್ತೆ, ಮೀನನ್ನ ಕೊಲ್ಲಬೇಕಿಲ್ಲ. ಕೆಲವು ಡಜನ್ ತಾಯಿಮೀನಿಗೆ ಬೇಕಾಗೋದು ಅಷ್ಟೇ ಪುಟ್ಟ ಶೀಶೆ, ಸ್ವಲ್ಪ ಆಲ್ಕೋಹಾಲ್, ಒಂದೊಂದರ ಮೇಲೂ ಯಾವ ಮಡುವಿನಲ್ಲಿ ಯಾವ ದಿನ ಹಿಡಿದದ್ದು ಅಂತ ಬರೆದ ಚೀಟಿ. ಆ ಶೀಶೆಗಳು ಲೆಕ್ಕಕ್ಕೆ ಸಿಗೋವರೆಗೂ ಒಂದು ಮರಿಯೂ ತೊಟ್ಟಿಯಿಂದ ಹೊಳೆಗೆ ಇಳೀಬಾರದು.