ಎಣಿಸುತ್ತೀರಿ ಸರಿ, ಓದುತ್ತೀರಾ?

ನಮಸ್ಕಾರ. ವೈದ್ಯಕೀಯ ಸಂಶೋಧಕರನ್ನು ವೇದಿಕೆಗೆ ಕರೆಯುವಾಗ ಈಗ ಒಂದು ಮಂತ್ರ ಹೇಳುತ್ತಾರೆ: ಇಷ್ಟು ನೂರು ಪ್ರಬಂಧ, ಇಷ್ಟು ಸಾವಿರ ಉಲ್ಲೇಖ, ಎಚ್-ಸೂಚ್ಯಂಕ ಇಷ್ಟು. ಉಲ್ಲೇಖ ಎಂದರೆ ಬೇರೆ ಸಂಶೋಧಕರು ತಮ್ಮ ಪ್ರಬಂಧದಲ್ಲಿ ಇವರ ಪ್ರಬಂಧವನ್ನು ಹೆಸರಿಸಿದ್ದು; ಪ್ರಬಂಧ, ಉಲ್ಲೇಖ ಎರಡರ ಲೆಕ್ಕವನ್ನೂ ಒಂದೇ ಅಂಕಿಯಲ್ಲಿ ಹೇಳುವುದು ಎಚ್-ಸೂಚ್ಯಂಕ. ಅವರು ಕಂಡುಹಿಡಿದದ್ದೇನು ಎಂದು ಕೇಳಿ ನೋಡಿ, ಪರಿಚಯಿಸಿದವರೇ ತಡವರಿಸುತ್ತಾರೆ.

ಕಲ್ಕತ್ತಾದ ಡಾ. ಶಂಭುನಾಥ ಡೇ ಅವರ ಹೆಸರು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ಕಾಲರಾ ರೋಗಾಣು ವಿಷವೊಂದನ್ನು ಸ್ರವಿಸಿ ಕೊಲ್ಲುತ್ತಿರಬೇಕು ಎಂದು ಜರ್ಮನಿಯ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ 1884ರಲ್ಲೇ ಊಹಿಸಿದ್ದರು. ಆ ವಿಷವನ್ನು ತೋರಿಸಿಕೊಡಲು ಮುಕ್ಕಾಲು ಶತಮಾನ ಬೇಕಾಯಿತು. ಪ್ರಾಣಿಗಳ ರಕ್ತಕ್ಕೋ ಹೊಟ್ಟೆಗೋ ರೋಗಾಣು ಚುಚ್ಚಿ ಕಾಯುತ್ತಿದ್ದವರೇ ಹೆಚ್ಚು. ಡೇ ಕರುಳಿನ ಒಳಗೇ ಹುಡುಕಿದರು. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ದಾರದಿಂದ ಬಿಗಿದು ಒಳಕ್ಕೆ ರೋಗಾಣು ಸೇರಿಸಿದರು. ಕರುಳು ದ್ರವ ತುಂಬಿ ಉಬ್ಬಿತು. ಇದು 1953ರ ಪ್ರಬಂಧ. ಮುಂದೆ, ರೋಗಾಣು ಬೆಳೆಸಿದ ದ್ರವವನ್ನು ಸೋಸಿ, ಒಂದೂ ಜೀವಾಣು ಉಳಿಯದ ಆ ತಿಳಿಯನ್ನಷ್ಟೇ ಚುಚ್ಚಿದರು. ಆಗಲೂ ಉಬ್ಬಿತು. ವಿಷ ಇರುವುದು ಖಚಿತವಾಯಿತು. ದಾರ, ಮೊಲ, ಸೋಸುವ ಸಾಧನ. ದೊಡ್ಡ ಯಂತ್ರಗಳ ಹಂಗೇ ಇಲ್ಲದ ಈ ಕೆಲಸದ ಬಗ್ಗೆ ನನಗೆ ತುಸು ಮೋಹವೇ ಇದೆ, ಬಚ್ಚಿಡುವುದಿಲ್ಲ.

ಈ ಫಲಿತಾಂಶ 1959ರ ಮೇ ತಿಂಗಳಲ್ಲಿ 'ನೇಚರ್' ಎಂಬ ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಎರಡು ಪುಟ, ಅಷ್ಟೇ. ಅದರ ತೂಕ ಲೋಕಕ್ಕೆ ಗೊತ್ತಾಗಲು ವರ್ಷಗಳು ಹಿಡಿದವು. 1973ರಲ್ಲಿ ಡೇ ನಿವೃತ್ತರಾದರು. 1978ರಲ್ಲಿ ಸ್ಟಾಕ್‌ಹೋಮಿನ ನೊಬೆಲ್ ವಿಚಾರಗೋಷ್ಠಿಗೆ ಆಹ್ವಾನ ಬಂತು. ನೊಬೆಲ್ ಪುರಸ್ಕೃತ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್, ಡೇ ಅವರ ಹೆಸರನ್ನು ಆ ಬಹುಮಾನಕ್ಕೇ ಸೂಚಿಸಿದ್ದರು. ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1985ರಲ್ಲಿ ಅವರು ತೀರಿಕೊಂಡರು.

ಮರುವರ್ಷ ಅವರ ಬಗ್ಗೆ ಬರೆದವರು ಯೂಜೀನ್ ಗಾರ್ಫೀಲ್ಡ್. ಉಲ್ಲೇಖಗಳನ್ನು ಎಣಿಸುವ ಪದ್ಧತಿಯನ್ನೇ ಕಟ್ಟಿದ ಅಮೆರಿಕದ ಮನುಷ್ಯ! ಯಾವ ಪ್ರಬಂಧದಿಂದ ಯಾವುದು ಹುಟ್ಟಿತು ಎಂದು ಹಿಂದಕ್ಕೆ ಜಾಡು ಹಿಡಿದು ಹೋದಾಗ ಕಾಲರಾ ಸಂಶೋಧನೆಯ ದಾರಿಯಲ್ಲಿ ಡೇ ಎದುರಾದರು. ಬೆಂಗಳೂರಿನ ವಿಜ್ಞಾನ ಪತ್ರಿಕೆ 'ಕರೆಂಟ್ ಸೈನ್ಸ್' 1990ರಲ್ಲಿ ಡೇ ಅವರ ಬಗ್ಗೆ ವಿಶೇಷ ಸಂಚಿಕೆ ತಂದಿತು. ಹಾಗಾಗಿ ಉಲ್ಲೇಖಗಳ ಲೆಕ್ಕವೇ ದಂಡ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಜಾಡು ಹಿಡಿಯಲು ಅದು ಒಳ್ಳೆಯ ಸಾಧನ. ಅದನ್ನೇ ಅಂಕಪಟ್ಟಿ ಮಾಡಿಕೊಂಡವರ ಮೇಲೆ ನನ್ನ ಸಿಟ್ಟು.

ಅಂಕಪಟ್ಟಿಗೆ ದುಡಿದವರು ಹೇಗಿರುತ್ತಾರೆ ಎನ್ನುವುದಕ್ಕೆ ಜಪಾನಿನ ಅರಿವಳಿಕೆ ತಜ್ಞ ಯೋಶಿತಾಕ ಫುಜೀ ಇದ್ದಾರೆ. ಅವರ ಅಂಕಿಅಂಶಗಳು ನಂಬಲಾಗದಷ್ಟು ಚೊಕ್ಕಟವಾಗಿವೆ ಎಂದು ಇತರ ಸಂಶೋಧಕರು 2000ದಲ್ಲೇ ಪತ್ರ ಬರೆದು ಎಚ್ಚರಿಸಿದ್ದರು. ಪತ್ರಿಕೆಗಳು ಮತ್ತೆ ಹತ್ತು ವರ್ಷ ಅಚ್ಚು ಹಾಕುತ್ತಲೇ ಹೋದವು. 2012ರ ತನಿಖೆಯಲ್ಲಿ 172 ಪ್ರಬಂಧಗಳಲ್ಲಿ ಕಟ್ಟುಕತೆಯ ಅಂಕಿಅಂಶಗಳಿವೆ ಎಂದು ಗೊತ್ತಾಯಿತು. ಇನ್ನು, ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹುಟ್ಟಿಸಿದ ಆಂಡ್ರೂ ವೇಕ್‌ಫೀಲ್ಡ್ ಅವರ 1998ರ ಪ್ರಬಂಧ. ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಉಲ್ಲೇಖಿಸಿದವರಲ್ಲಿ ಬಹುಪಾಲು ಜನ ಖಂಡಿಸಲೆಂದೇ ಉಲ್ಲೇಖಿಸಿದ್ದು. ಎಣಿಸುವ ಯಂತ್ರಕ್ಕೆ ಹೊಗಳಿಕೆ, ಬೈಗುಳ ಎರಡೂ ಒಂದೇ.

ನಮ್ಮಲ್ಲಿ ವೈದ್ಯಕೀಯ ಕಾಲೇಜಿನ ಅಧ್ಯಾಪಕರಿಗೆ ಬಡ್ತಿ ಬೇಕಾದರೆ ಪ್ರಬಂಧ ಬೇಕು. ಬೆಳಿಗ್ಗೆಯಿಂದ ಹೊರರೋಗಿಗಳನ್ನು ನೋಡಿ, ವಾರ್ಡಿನಲ್ಲಿ ಪಾಠ ಹೇಳಿ ದಣಿದವರು ರಾತ್ರಿ ಏನು ಸಂಶೋಧಿಸಬೇಕು? ದುಡ್ಡು ತೆತ್ತರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು ಬೆಳೆದದ್ದು ಇಂಥ ಒತ್ತಡವನ್ನು ನೆಚ್ಚಿಯೇ. ಚೆನ್ನಾಗಿ ಪಾಠ ಹೇಳುವವರಿಗೆ ಪಾಠಕ್ಕಾಗಿಯೇ ಬಡ್ತಿ ಕೊಡಿ. ಸಂಶೋಧಕರ ಹುದ್ದೆಗೆ ಬಂದವರಿಂದ ತಲಾ ಮೂರೇ ಪ್ರಬಂಧ ತರಿಸಿಕೊಳ್ಳಿ, ಆಯ್ಕೆ ಸಮಿತಿಯವರು ಓದಿಕೊಂಡು ಬಂದು ಅವುಗಳಿಂದಲೇ ಪ್ರಶ್ನೆ ಕೇಳಲಿ. ಇಪ್ಪತ್ತು ಅರ್ಜಿ ಬಂದರೆ ಅರವತ್ತು ಪ್ರಬಂಧ. ಅಷ್ಟು ಓದಲು ಪುರುಸೊತ್ತಿಲ್ಲದವರು ಆ ಸಮಿತಿಯಲ್ಲಿ ಕೂರುವುದಾದರೂ ಯಾಕೆ?