ಹಬ್ಬದ ದಿನ ಅಂಗಡಿ ಶಿಫ್ಟ್: ರೋಸ್ಟರ್ ಮೇಲಿನ ವೈಟ್ನರ್ ಕಲೆ

ಎಲ್ಲರಿಗೂ ನಮಸ್ಕಾರ. ಇದು ನಿನ್ನೆಯ ವಿಡಿಯೊ, ಧ್ವನಿ ಮಾತ್ರ ಇವತ್ತಿನದು. ನಿನ್ನೆ ಬೆಳಿಗ್ಗೆ ನಾನು ಒಂದು ಮಾತೂ ಆಡಲಿಲ್ಲ, ಯಾಕಂದರೆ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಹೊದಿಕೆಯಿಂದ ಆಚೆ ಬಂದಿರುವ ಆ ಪುಟ್ಟ ಕಾಲು ಅಕ್ಕನ ಮಗಳದ್ದು. ಮುಖ ತೋರಿಸುವುದಿಲ್ಲ, ಅಕ್ಕನಿಗೆ ಇಷ್ಟ ಇಲ್ಲ. ಏಳು ತಿಂಗಳ ಮೇಲೆ ಬಂದಿದ್ದಾರೆ. ಹಿಂದಿನ ರಾತ್ರಿ ತಡವಾಗಿ ತಲುಪಿದರು, ಮಗು ಹೆಗಲ ಮೇಲೇ ನಿದ್ದೆ ಹೋಗಿತ್ತು. ಈಗ ಮಾತು ಕಲಿತಿದ್ದಾಳಂತೆ. ಫೋನಿನಲ್ಲಿ "ಚಿಕ್ಕಿ" ಅನ್ನುತ್ತಾಳೆ. ಎದುರಿಗೆ ನಿಂತು ಅನ್ನುವುದನ್ನು ಕೇಳಬೇಕು ಅಂತ ಎಷ್ಟು ದಿನದಿಂದ ಕಾಯುತ್ತಿದ್ದೆ.

ಚಪ್ಪಲಿ ಹಾಕಿಕೊಂಡೆ, ಬಾಗಿಲು ಎಳೆದುಕೊಂಡೆ. ಮುಂದೆ ಹೋಗೋಣ.

ಬಸ್ ನೋಡಿ, ಎಷ್ಟು ಸೀಟು ಖಾಲಿ. ದಿನಾ ಈ ಹೊತ್ತಿಗೆ ನಿಲ್ಲಲೂ ಜಾಗ ಇರುವುದಿಲ್ಲ. ಹಬ್ಬದ ದಿನ ಬೆಳಿಗ್ಗೆ ಬಸ್ಸಿನಲ್ಲಿ ಯಾರು ಇರುತ್ತಾರೆ ಗೊತ್ತಾ? ಕುತ್ತಿಗೆಯಲ್ಲಿ ಐಡಿ ಟ್ಯಾಗ್ ಇರುವವರು. ಒಬ್ಬರು ನರ್ಸ್, ಇಬ್ಬರು ಸೆಕ್ಯೂರಿಟಿಯವರು, ಉಳಿದವರೆಲ್ಲ ನಮ್ಮಂತೆ ಅಂಗಡಿಯವರು. ನರ್ಸ್ ಹೋಗಲೇಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಬಸ್ ಓಡಿಸುವ ಡ್ರೈವರ್ ಅಣ್ಣನೂ ಬರಲೇಬೇಕು. ಆದರೆ ಬಟ್ಟೆ ಅಂಗಡಿ? ಹಬ್ಬದ ಬಟ್ಟೆಯನ್ನು ಹಬ್ಬದ ಹಿಂದಿನ ದಿನವೇ ಕೊಂಡಿರುತ್ತಾರೆ ಅಲ್ವಾ? ಹಬ್ಬದ ದಿನ ಮಧ್ಯಾಹ್ನ ಬೆಲ್ಟ್ ಸಿಗದಿದ್ದರೆ ಯಾರಿಗೂ ಜೀವಕ್ಕೆ ತೊಂದರೆ ಇಲ್ಲ. ಬಸ್ಸಿನಲ್ಲಿ ಕೂತಾಗ ನನಗೆ ಅನಿಸಿದ್ದು ಇಷ್ಟೇ: ದೊಡ್ಡ ಹಬ್ಬದ ದಿನ ಎಲ್ಲ ಅಂಗಡಿಗಳೂ ಮುಚ್ಚಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಅದು ಬದಲಾಯಿತು, ಹೇಳುತ್ತೇನೆ.

ಹಿಂಬಾಗಿಲು, ಪಂಚಿಂಗ್, ಲಾಕರ್. ಇದನ್ನೆಲ್ಲ ಹಳೆಯ ವಿಡಿಯೊಗಳಲ್ಲಿ ನೋಡಿದ್ದೀರಿ.

ಇಲ್ಲಿ ನಿಲ್ಲಿ. ಇದು ನಮ್ಮ ರೋಸ್ಟರ್. ಅಂಗಡಿಯಲ್ಲಿ ಕೆಲಸ ಮಾಡದವರಿಗೆ ಹೇಳುತ್ತೇನೆ. ಒಂದು ಎ4 ಹಾಳೆ. ಎಡಗಡೆ ನಮ್ಮ ಹೆಸರು, ಅದಕ್ಕೇ ಆ ಭಾಗ ಮಸುಕು ಮಾಡಿದ್ದೇನೆ. ಮೇಲೆ ದಿನಾಂಕ. ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ. ಎ ಅಂದರೆ ಬೆಳಗಿನ ಶಿಫ್ಟ್. ಬಿ ಅಂದರೆ ಮಧ್ಯಾಹ್ನದಿಂದ ರಾತ್ರಿ. ಎಫ್ ಅಂದರೆ ಫುಲ್ ಡೇ, ಶಟರ್ ಎತ್ತುವುದರಿಂದ ಇಳಿಸುವವರೆಗೆ. ಡಬ್ಲ್ಯೂಒ ಅಂದರೆ ವೀಕ್ ಆಫ್. ನಮ್ಮ ಜೀವನದ ಮದುವೆ, ಮುಂಜಿ, ಆಸ್ಪತ್ರೆ, ಹುಟ್ಟುಹಬ್ಬ ಎಲ್ಲ ಈ ಚೌಕಗಳ ಮೇಲೆ ನಿಂತಿದೆ.

ಈಗ ನನ್ನ ಸಾಲು ನೋಡಿ, ಝೂಮ್ ಮಾಡಿದ್ದೇನೆ. ಹಬ್ಬದ ದಿನದ ಚೌಕದಲ್ಲಿ ಬೆಳ್ಳಗೆ ಉಬ್ಬಿಕೊಂಡಿದೆ, ಕಾಣುತ್ತಿದೆಯಾ? ಅದು ವೈಟ್ನರ್. ಪಕ್ಕದಿಂದ ಟಾರ್ಚ್ ಬಿಟ್ಟರೆ ಕೆಳಗೆ ಡಬ್ಲ್ಯೂಒ ಇನ್ನೂ ಓದಬಹುದು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಎಫ್. ವೈಟ್ನರ್ ಪೂರ್ತಿ ಒಣಗುವ ಮೊದಲೇ ಬರೆದಿದ್ದಾರೆ, ಪೆನ್ನಿನ ತುದಿ ಒಳಗೆ ಇಳಿದು ಗೀರು ಬಿದ್ದಿದೆ. ನಾನು ಉಗುರಿನಿಂದ ಮುಟ್ಟಿ ನೋಡಿದೆ. ಒಂದು ಚೂರು ಎದ್ದು ಬಂತು.

ಈ ರಜೆಯನ್ನು ನಾನು ಎರಡು ವಾರ ಮೊದಲೇ ಕೇಳಿದ್ದೆ, ಬರವಣಿಗೆಯಲ್ಲಿ. ಸರಿ ಅಂದಿದ್ದರು. ಹಾಳೆಯಲ್ಲೂ ಬಂದಿತ್ತು, ಫೋಟೊ ತೆಗೆದು ಅಕ್ಕನಿಗೆ ಕಳಿಸಿದ್ದೆ. ಆ ಫೋಟೊ ನೋಡಿಯೇ ಅಕ್ಕ ಟಿಕೆಟ್ ಮಾಡಿದ್ದು. ಹಬ್ಬದ ಹಿಂದಿನ ರಾತ್ರಿ 9:40ಕ್ಕೆ ಗ್ರೂಪಿನಲ್ಲಿ ಮೆಸೇಜ್ ಬಂತು: ನಾಳೆ ಎಲ್ಲರೂ ಫುಲ್ ಡೇ. ಅಷ್ಟೇ. ಕೆಳಗೆ ಸಾಲಾಗಿ ಹೆಬ್ಬೆರಳು. ನಾನೂ ಹಾಕಿದೆ. ಹಾಕದಿದ್ದರೆ ಇನ್ನೊಂದು ಮೆಸೇಜ್ ಬರುತ್ತದೆ, ನನ್ನ ಹೆಸರು ಹಿಡಿದು. ಆ ಹೊತ್ತಿಗೆ ಅಕ್ಕ ಬಸ್ಸಿನಲ್ಲಿದ್ದಳು. ಅವಳಿಗೆ ಹೇಗೆ ಹೇಳುವುದು ಅಂತ ಅರ್ಧ ಗಂಟೆ ಫೋನ್ ಹಿಡಿದು ಕೂತೆ. ಕೊನೆಗೆ ಅಮ್ಮನೇ ಹೇಳಿದರು.

ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಕೇಳಿದೆ. ಇಬ್ಬರು ಕೆಲಸ ಬಿಟ್ಟಿದ್ದಾರೆ, ಹೊಸಬರನ್ನು ಇನ್ನೂ ತೆಗೆದುಕೊಂಡಿಲ್ಲ, ಮೇಲಿನಿಂದ ಒತ್ತಡ ಇದೆ ಅಂದರು. ಅವರ ಮಾತು ಸುಳ್ಳಲ್ಲ. ಅವರ ಚೌಕದಲ್ಲೂ ಎಫ್ ಇದೆ, ಅವರಿಗೂ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಆದರೆ ಆ ಇಬ್ಬರು ಬಿಟ್ಟು ಹೋಗಿದ್ದು ಒಂದೂವರೆ ತಿಂಗಳ ಹಿಂದೆ. ಹಬ್ಬ ಯಾವತ್ತು ಬರುತ್ತದೆ ಅಂತ ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಇರುತ್ತದೆ. ಜನ ಸಾಲದು ಅನ್ನುವುದು ರಾತ್ರಿ 9:40ಕ್ಕೆ ಗೊತ್ತಾಗುವ ವಿಷಯವಾ? ಇದನ್ನು ನಾನು ಒಪ್ಪುವುದಿಲ್ಲ.

ಈ ಸಿಟ್ಟಿನಲ್ಲೇ ಆ ರಾತ್ರಿ ಬೇರೆ ಕಡೆ ಏನು ಕಾನೂನು ಇದೆ ಅಂತ ಓದುತ್ತಾ ಕೂತೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2017ರಲ್ಲಿ ಒಂದು ಕಾನೂನು ಬಂದಿದೆ. 500 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ದೊಡ್ಡ ಅಂಗಡಿ, ಹೋಟೆಲ್ ಕಂಪನಿಗಳು ರೋಸ್ಟರನ್ನು ಮೊದಲೇ ಬರೆದು ಕೊಡಬೇಕು. ಶುರುವಿನಲ್ಲಿ 7 ದಿನ ಇತ್ತು, 2020ರಿಂದ 14 ದಿನ. ಆಮೇಲೆ ಕಂಪನಿಯೇ ಬದಲಾಯಿಸಿದರೆ ಅದಕ್ಕೆ ಹೆಚ್ಚಿನ ದುಡ್ಡು ಕೊಡಬೇಕು. ಅಂದರೆ ಅಲ್ಲಿ ವೈಟ್ನರಿಗೂ ಒಂದು ಬೆಲೆ ಇದೆ. ಓದಿ ನನಗೆ ಕಣ್ಣು ತುಂಬಿ ಬಂತು, ನಿಜ ಹೇಳುತ್ತೇನೆ. ನನ್ನ ಕಷ್ಟ ಬರೀ ನನ್ನ ಹಟ ಅಲ್ಲ, ಅದನ್ನು ಕೂತು ಯೋಚಿಸಿ ಕಾನೂನು ಬರೆದವರೂ ಇದ್ದಾರೆ ಅಂತ.

ಸರಿ ಸರಿ, ಶಾಟ್ ಮುಗಿಯಿತು. ಫ್ಲೋರಿಗೆ ಬಂದೆವು.

ಶಟರ್ ಎತ್ತುವ ಮೊದಲು ಹತ್ತು ನಿಮಿಷ ಶೂಟ್ ಮಾಡಲು ಅನುಮತಿ ಕೊಟ್ಟಿದ್ದರು. ಮಡಚಿಟ್ಟ ಅಂಗಿಗಳು, ಸೈಜ್ ಪ್ರಕಾರ. ಈ ಅಂದ ಇರುವುದು ಮೊದಲ ಅರ್ಧ ಗಂಟೆ ಮಾತ್ರ. ಬಿಲ್ಲಿಂಗ್ ಕೌಂಟರಿನ ಹಿಂದೆ ಕುರ್ಚಿ ಇಲ್ಲ, ಗಮನಿಸಿದಿರಾ? ಇದರ ಬಗ್ಗೆ ಬೇರೆ ವಿಡಿಯೊನೇ ಮಾಡಬೇಕು.

ಮುಂದಿನ ಐದು ಗಂಟೆ ದೃಶ್ಯ ಇಲ್ಲ. ಕ್ಯಾಮೆರಾ ಲಾಕರಿನಲ್ಲಿತ್ತು. ಅದಕ್ಕೆ ಸ್ಟಾಕ್ ರೂಮಿನ ಡಬ್ಬಗಳನ್ನು ತೋರಿಸುತ್ತಾ ಮಾತಾಡುತ್ತೇನೆ. ಬೆಳಿಗ್ಗೆ ಹನ್ನೊಂದರವರೆಗೆ ಜನ ತೀರಾ ಕಡಿಮೆ. ಇದ್ದ ನಾವು ಒಂಬತ್ತು ಜನ ಸುಮ್ನೆ ಮಡಚಿದ್ದನ್ನೇ ಬಿಚ್ಚಿ ಮಡಚುತ್ತಿದ್ದೆವು. ಸಂಜೆ ನಾಲ್ಕರ ಮೇಲೆ ತಡೆಯಲಾರದಷ್ಟು ಜನ. ಅಂದರೆ ಅರ್ಧ ದಿನ ತೆರೆದಿದ್ದರೆ ಸಾಕಿತ್ತು. ಅರ್ಧ ದಿನದ ಲೆಕ್ಕವೂ ಪ್ರಪಂಚದಲ್ಲಿ ಇದೆ. ನ್ಯೂಜಿಲೆಂಡಿನಲ್ಲಿ ವರ್ಷಕ್ಕೆ ಮೂರೂವರೆ ದಿನ ಹೆಚ್ಚಿನ ಅಂಗಡಿಗಳು ಮುಚ್ಚಬೇಕು: ಕ್ರಿಸ್ಮಸ್, ಗುಡ್ ಫ್ರೈಡೇ, ಈಸ್ಟರ್ ಭಾನುವಾರ, ಮತ್ತೆ ಏಪ್ರಿಲ್ 25ರ ಆನ್ಜಾಕ್ ದಿನ ಮಧ್ಯಾಹ್ನ ಒಂದು ಗಂಟೆಯವರೆಗೆ. ಅಂದು ಬೆಳಿಗ್ಗೆ ಯುದ್ಧದಲ್ಲಿ ಸತ್ತವರ ಸ್ಮರಣೆ, ಅದು ಮುಗಿದ ಮೇಲೆ ವ್ಯಾಪಾರ. ಇಂಗ್ಲೆಂಡಿನಲ್ಲಿ 2004ರ ಕಾನೂನಿನ ಪ್ರಕಾರ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಕ್ರಿಸ್ಮಸ್ ದಿನ ತೆರೆಯುವಂತಿಲ್ಲ. ಸಣ್ಣ ಅಂಗಡಿ ತೆರೆಯಬಹುದು. ಇದು ನನಗೆ ಸರಿ ಅನಿಸಿತು. ಮನೆಯವರೇ ಕೂತು ನಡೆಸುವ ಅಂಗಡಿಯವರು ಬೇಕಾದರೆ ತೆರೆಯಲಿ, ಬೇಡವಾದರೆ ಬಿಡಲಿ. ಅವರ ರಜೆ ಅವರ ಕೈಯಲ್ಲೇ ಇದೆ. ನಮ್ಮದು ಹಾಗಲ್ಲ.

ಊಟದ ಬಿಡುವು, ಇಪ್ಪತ್ತು ನಿಮಿಷ. ಎರಡು ಡಬ್ಬಿ ಕಾಣುತ್ತಿದೆ, ಒಂದು ನನ್ನದು. ಇನ್ನೊಂದು ನನಗಿಂತ ಹಿರಿಯರಾದ ಒಬ್ಬ ಅಕ್ಕನದು. ಕೈ ಮಾತ್ರ ತೋರಿಸು ಅಂದರು. ಅವರಿಗೆ ನಾನು ಬೆಳಗಿನ ನನ್ನ ಮಾತು ಹೇಳಿದೆ, ಎಲ್ಲ ಮುಚ್ಚಿಬಿಡಬೇಕು ಅಕ್ಕ ಅಂತ. ಅವರು ಡಬ್ಬಿ ಮುಚ್ಚುತ್ತಾ, "ನೀನು ಹೀಗೆಲ್ಲ ಹೇಳಬೇಡ ಕಣೇ, ಹಬ್ಬದ ಡ್ಯೂಟಿಗೆ ಡಬಲ್ ಕೊಟ್ಟರೆ ನಾನೇ ಮೊದಲು ಬರುತ್ತೇನೆ. ಮನೆಯಲ್ಲಿ ನನಗೆ ಯಾರು ಕಾಯುತ್ತಿದ್ದಾರೆ? ಮಗನ ಫೀಸ್ ಇದೆ" ಅಂದರು.

ನಾನು ಸುಮ್ಮನಾದೆ. ಅವರ ಮಾತೂ ಸರಿ. ಹಬ್ಬ ಎಲ್ಲರ ಮನೆಯಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಆ ದಿನ ಮನೆಯಲ್ಲಿ ಒಬ್ಬರೇ ಕೂರುವುದಕ್ಕಿಂತ ಅಂಗಡಿಯೇ ವಾಸಿ. ಹಾಗಾದರೆ ಮೊದಲು ಕೇಳಿ. ಯಾರು ಬರುತ್ತೀರಿ, ಯಾರಿಗೆ ಆಗುವುದಿಲ್ಲ ಅಂತ ಒಂದು ಹಾಳೆ ಅಂಟಿಸಿ. ಬಂದವರಿಗೆ ಸರಿಯಾಗಿ ಕೊಡಿ. ನ್ಯೂಜಿಲೆಂಡಿನಲ್ಲಿ ಸಾರ್ವಜನಿಕ ರಜೆಯ ದಿನ ಕೆಲಸ ಮಾಡಿದರೆ ಒಂದೂವರೆ ಪಟ್ಟು ಸಂಬಳ. ಅದು ಅವರ ಮಾಮೂಲಿ ಕೆಲಸದ ದಿನವೇ ಆಗಿದ್ದರೆ ಮೇಲೆ ಒಂದು ಬದಲಿ ರಜೆ. ಫ್ರಾನ್ಸಿನಲ್ಲಿ ಮೇ 1ರಂದು ಕೆಲಸ ಮಾಡಲೇಬೇಕಾದವರಿಗೆ ಸಂಬಳ ಎರಡು ಪಟ್ಟು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಮಾತ್ರ ಹಬ್ಬದ ಡ್ಯೂಟಿಗೆ ಇಷ್ಟು ಜಾಸ್ತಿ ಕೊಡಿ ಅಂತ ಏನೂ ಇಲ್ಲ, ಅಲ್ಲಿ ಕಂಪನಿ ಕೊಟ್ಟರೆ ಉಂಟು.

ನಮ್ಮಲ್ಲಿ ಸಿಗುವುದು ಕಾಂಪ್ ಆಫ್, ಅಂದರೆ ಬದಲಿ ರಜೆ. ಅದೂ ಬರೆದಿಟ್ಟುಕೊಂಡರೆ ಮಾತ್ರ. ನನ್ನ ಫೋನಿನಲ್ಲಿ ಒಂದು ನೋಟ್ ಇದೆ, ಈಗ ಪರದೆ ಮೇಲೆ ಬರುತ್ತದೆ. ಇದರಲ್ಲಿ ನಾಲ್ಕು ಕಾಂಪ್ ಆಫ್ ಬಾಕಿ. ಎರಡರ ಅವಧಿ ಮುಗಿದಿದೆ ಅಂದಿದ್ದಾರೆ. ರಜೆಗೂ ಔಷಧಿಯ ಹಾಗೆ ಅವಧಿ ಮುಗಿಯುವ ದಿನ ಇದೆ ಅಂತ ನನಗೆ ಗೊತ್ತಿರಲಿಲ್ಲ. ಕೇಳಿದಾಗ ಕೊಡುವುದಿಲ್ಲ, ಆಮೇಲೆ ಮುಗಿಯಿತು ಅನ್ನುತ್ತಾರೆ. ಇದು ತಪ್ಪು. ನೇರವಾಗಿಯೇ ಹೇಳುತ್ತೇನೆ, ಇದು ತಪ್ಪು.

ಕೊಟ್ಟರೂ ಮಂಗಳವಾರ ಕೊಡುತ್ತಾರೆ. ಮಂಗಳವಾರ ಮನೆಯಲ್ಲಿ ಯಾರಿರುತ್ತಾರೆ? ಎಲ್ಲರೂ ಅವರವರ ಕೆಲಸಕ್ಕೆ ಹೋಗಿರುತ್ತಾರೆ. ನಾನು ಬಟ್ಟೆ ಒಗೆದು, ನಿದ್ದೆ ಮಾಡಿ, ಸಂಜೆ ಮಾಡುತ್ತೇನೆ. 1957ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗಡಿ ಮತ್ತು ಕಚೇರಿಯವರಿಗಾಗಿಯೇ ಒಂದು ಒಪ್ಪಂದ ಮಾಡಿತ್ತು, 106ನೇ ಒಪ್ಪಂದ. ಏಳು ದಿನದಲ್ಲಿ ಒಮ್ಮೆ ಕನಿಷ್ಠ 24 ಗಂಟೆ ಒಂದೇ ಸಮನೆ ಬಿಡುವು ಕೊಡಬೇಕು ಅಂತ ಅದರಲ್ಲಿದೆ. ಅದರ ಜೊತೆಗೇ ಇನ್ನೊಂದು ಮಾತು: ಸಾಧ್ಯ ಇರುವ ಕಡೆಯೆಲ್ಲ ಆ ಬಿಡುವು ಎಲ್ಲರಿಗೂ ಒಟ್ಟಿಗೆ ಸಿಗಬೇಕು, ಊರಿನವರು ರೂಢಿಯಲ್ಲಿ ಬಿಡುವು ಮಾಡಿಕೊಳ್ಳುವ ದಿನವೇ ಸಿಗಬೇಕು. ಒಟ್ಟಿಗೆ. ಆ ಪದದ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ರಜೆ ಅಂದರೆ ಕೆಲಸ ಇಲ್ಲದ ಗಂಟೆಗಳು ಅಂತ ರೋಸ್ಟರ್ ಲೆಕ್ಕ ಹಾಕುತ್ತದೆ. ನನಗೆ ರಜೆ ಅಂದರೆ ಮನೆಯಲ್ಲಿ ಎಲ್ಲರೂ ಇರುವ ಗಂಟೆಗಳು.

ಬಿಡುವು ಮುಗಿಯಿತು, ಅಕ್ಕ ಆಗಲೇ ಎದ್ದರು.

ಇದು ರಾತ್ರಿ. ಶಟರ್ ಅರ್ಧ ಇಳಿದಿದೆ. ಕೆಳಗೆ ಎರಡು ಬೂಟು ನಿಂತಿವೆ ನೋಡಿ. ಒಳಗೆ ಬರಬಹುದಾ ಅಂತ ಕೇಳುತ್ತಿದ್ದಾರೆ, ಒಂದೇ ಒಂದು ಅಂಗಿ, ಸೈಜ್ ಗೊತ್ತಿದೆ ಅಂತ. ನಾವು ಬಿಟ್ಟೆವು. ಅವರೂ ಎಲ್ಲಿಂದಲೋ ಡ್ಯೂಟಿ ಮುಗಿಸಿ ಬಂದವರ ಥರ ಇದ್ದರು. ಹೋಗುವಾಗ ನಮ್ಮ ಕಡೆ ತಿರುಗಿ ಹಬ್ಬದ ಶುಭಾಶಯ ಹೇಳಿದರು. ಇಡೀ ದಿನದಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ನಾನು ಎಷ್ಟು ಜನರನ್ನು ನೋಡಿದೆ, ಅದನ್ನು ಹೇಳಿದವರು ಮೂವರು. ಇನ್ನೊಬ್ಬರು, "ಹಬ್ಬದ ದಿನವೂ ಬಿಡಲ್ವಾ ನಿಮ್ಮನ್ನು, ಪಾಪ" ಅಂದು ಆಮೇಲೆ ಏಳು ಅಂಗಿ ಟ್ರಯಲ್ ರೂಮಿನಲ್ಲಿ ಬಿಚ್ಚಿ ಬಿಟ್ಟು ಹೋದರು. ಆ ರಾಶಿ ಇದೇ. ಒಂದೊಂದಕ್ಕೂ ಗುಂಡಿ ಹಾಕಿ, ಕಾಲರ್ ಕೂರಿಸಿ, ಪಿನ್ ಚುಚ್ಚಿ ಮಡಚಬೇಕು. ದಯವಿಟ್ಟು ಹ್ಯಾಂಗರಿಗಾದರೂ ಹಾಕಿ ಹೋಗಿ. ಪಾಪ ಅನ್ನುವುದಕ್ಕಿಂತ ಅದು ನಮಗೆ ಜಾಸ್ತಿ ಉಪಕಾರ.

ಕ್ಯಾಶ್ ಟ್ಯಾಲಿ ಆಗುವವರೆಗೆ ಯಾರೂ ಹೊರಡುವಂತಿಲ್ಲ. ಅದಕ್ಕೇ ಈ ಉದ್ದನೆಯ ಕಾಯುವ ಶಾಟ್. ಈಗ ಮತ್ತೆ ನನ್ನ ಮನಸ್ಸು ಬೆಳಗಿನ ಕಡೆಗೇ ಹೋಗುತ್ತಿದೆ. ಮುಚ್ಚಿದರೆ ನಷ್ಟ ಅನ್ನುತ್ತಾರಲ್ಲ, ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೇ ಸಂಜೆ ಅಂಗಡಿ ತೆರೆಯುವುದು ಜೋರಾಗಿ ಬೆಳೆದಿತ್ತು. 2020ರಲ್ಲಿ ಕೋವಿಡ್ ಕಾರಣಕ್ಕೆ ದೊಡ್ಡ ದೊಡ್ಡ ಅಂಗಡಿಗಳು ಆ ದಿನ ಮುಚ್ಚಿದವು. ಆಮೇಲೂ ಅವುಗಳಲ್ಲಿ ಎಷ್ಟೋ ಹಾಗೇ ಮುಚ್ಚುತ್ತಿವೆ. ಜನ ಮಾರನೇ ದಿನ ಬಂದು ಕೊಳ್ಳುತ್ತಾರೆ. ಪೋಲೆಂಡಿನಲ್ಲಿ 2025ರಿಂದ ಡಿಸೆಂಬರ್ 24 ಕೂಡ ರಜೆ ಆಗಿದೆ, ಅಂಗಡಿಯವರಿಗೂ. ವರ್ಷದಲ್ಲಿ ಎರಡು ಮೂರು ದಿನ ಪೂರ್ತಿ ಮುಚ್ಚಲಿ, ಉಳಿದ ಹಬ್ಬಗಳಿಗೆ ಕೇಳಿ ಹಾಕಲಿ, ಬಂದವರಿಗೆ ಡಬಲ್ ಕೊಡಲಿ. ಊಟದ ಅಕ್ಕ ಇದಕ್ಕೆ ಏನು ಹೇಳುತ್ತಾರೋ, ನಾಳಿದ್ದು ಕೇಳುತ್ತೇನೆ.

ಟ್ಯಾಲಿ ಆಯಿತು. ಹೊರಟೆವು.

ಮನೆ. ರಾತ್ರಿ 11:15. ದೀಪ ಹಾಕಲಿಲ್ಲ, ಅದಕ್ಕೇ ಕಪ್ಪು. ಅದೇ ಚಾಪೆ, ಅದೇ ಪುಟ್ಟ ಕಾಲು, ಈಗ ಒಂದು ಗೆಜ್ಜೆ ಇದೆ. ಹತ್ತು ಗಂಟೆಯವರೆಗೂ ಬಾಗಿಲು ನೋಡುತ್ತಿದ್ದಳಂತೆ. ಅಕ್ಕನ ಬಸ್ ಇವತ್ತು ಬೆಳಿಗ್ಗೆ ಆರಕ್ಕೇ ಇತ್ತು. ನಾನು ಎದ್ದು ಬಸ್ ಸ್ಟ್ಯಾಂಡಿನವರೆಗೆ ಹೋದೆ, ಮಗುವನ್ನು ನಾನೇ ಎತ್ತಿಕೊಂಡಿದ್ದೆ. ಬಸ್ ಹತ್ತಿಸುವಾಗ ಕಣ್ಣು ಬಿಟ್ಟಳು. ಅದನ್ನು ಶೂಟ್ ಮಾಡಿಲ್ಲ.

ಮುಂದಿನ ಹಬ್ಬಕ್ಕೆ ಇನ್ನೂ ಎರಡು ತಿಂಗಳು ಇದೆ. ರಜೆ ಅರ್ಜಿ ಇವತ್ತೇ ಬರೆದಿದ್ದೇನೆ, ಇದೇ ಆ ಹಾಳೆ. ಎರಡು ಪ್ರತಿ. ಒಂದಕ್ಕೆ ಸಹಿ ಮತ್ತು ದಿನಾಂಕ ಹಾಕಿಸಿಕೊಂಡು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನೀವೂ ಅಂಗಡಿಯಲ್ಲಿದ್ದರೆ ಹಾಗೇ ಮಾಡಿ. ರೋಸ್ಟರ್ ಬಂದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಕೆಂಪು ತೋರಿಸುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.